ರಸ್ತೆಯ ಬಲಗಡೆ ಕಳೆದ ಹತ್ತು ನಿಮಿಷ

ಇಂಥ ಅನುಭವವನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ, ಅವರನ್ನು ಎದುರಿಗೆ ಕೂರಿಸಿಕೊಂಡು, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದ್ದಿರಿ ಎಂದು ಕೇಳುತ್ತಿದ್ದೆ. ಅದು ನನ್ನ ಕೆಲಸದ ಪ್ರಶ್ನೆಯಾಗಿತ್ತು. ಸರ್ಕಾರಿ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಚಾಲಕನಾಗಿ, ಆಮೇಲೆ ಹದಿನಾಲ್ಕು ವರ್ಷ ಚಾಲಕರಿಗೆ ಬೋಧಕನಾಗಿ ದುಡಿದವನು ನಾನು. ಹಿರಿಯೂರಿನ ಆಚೆ ಒಂದು ತಿರುವಿನಲ್ಲಿ ಸ್ಟೇರಿಂಗು ತಾನೇ ಎಳೆಯಿತು ಎಂದವರನ್ನು ಕಂಡಿದ್ದೇನೆ. ಬ್ರೇಕಿನ ಮೇಲೆ ಬೇರೆ ಯಾರದೋ ಕಾಲಿತ್ತು ಎಂದು ಅತ್ತವರನ್ನೂ ಕಂಡಿದ್ದೇನೆ. ಎಲ್ಲರ ವರದಿಯಲ್ಲೂ ಷರಾ ಎಂಬ ಕಾಲಮಿನಲ್ಲಿ ನಾನು ಬರೆಯುತ್ತಿದ್ದುದು ಒಂದೇ ಮಾತು: ನಿದ್ದೆ ಸಾಲದು. ಬಸ್ಸಿನ ಮುಂದೆ ನಿಂಬೆಹಣ್ಣು ಕಟ್ಟಿದರೆ ಬೇಡವೆನ್ನುತ್ತಿರಲಿಲ್ಲ, ಆದರೆ ಟೈರಿನ ಗಾಳಿ ನೋಡಿದ ಮೇಲೆ ಕಟ್ಟಿ ಎನ್ನುತ್ತಿದ್ದೆ.

ನಿವೃತ್ತನಾಗಿ ಹೊಳಲ್ಕೆರೆಯಲ್ಲಿ ನೆಲೆಸಿದ ಮೇಲೂ ನನ್ನ ಕ್ರಮ ಬದಲಾಗಲಿಲ್ಲ. ರಾತ್ರಿ ಒಂಬತ್ತೂವರೆಗೆ ಮಲಗುತ್ತೇನೆ, ಬೆಳಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಹಾಲು ತರಲು ಹೊರಟರೂ ಸ್ಕೂಟರಿನ ಟೈರು, ಬ್ರೇಕು, ಲೈಟು ನೋಡುತ್ತಿದ್ದೆ. ಹೋದ ಕಡೆ, ಹೊರಟ ಹೊತ್ತು, ತಲುಪಿದ ಹೊತ್ತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಅದರಲ್ಲೂ ಕೊನೆಗೆ ಷರಾ ಎಂಬ ಕಾಲಮು. ಇದನ್ನೆಲ್ಲ ಹೇಳುವುದು ಜಂಬಕ್ಕಲ್ಲ. ಮುಂದೆ ಹೇಳುವುದು ಎಂಥ ಮನುಷ್ಯನಿಗೆ ನಡೆಯಿತು ಎಂಬುದು ನಿಮಗೆ ತಿಳಿದಿರಲಿ ಎಂದು.

ತಿಪ್ಪೇಸ್ವಾಮಿ ನಮ್ಮೂರಿನ ಮಾರುಕಟ್ಟೆ ಯಾರ್ಡಿನಿಂದ ಅಡಿಕೆ ಲೋಡು ಒಯ್ಯುತ್ತಿದ್ದ ಲಾರಿ ಡ್ರೈವರ್. ಮೂವತ್ನಾಲ್ಕು ವಯಸ್ಸು, ಮಾತು ಕಡಿಮೆ, ಕೈ ಚುರುಕು. ಯುರೋಪಿನ ಒಂದು ಚಳಿ ದೇಶದಲ್ಲಿ ಲಾರಿ ಡ್ರೈವರುಗಳು ಸಾಲದೆ ನಮ್ಮ ಕಡೆಯವರನ್ನು ಕರೆಸಿಕೊಳ್ಳುತ್ತಿದ್ದಾರೆಂದು ಯಾರೋ ಅವನಿಗೆ ಹೇಳಿದರು. ಕಾಗದಪತ್ರಗಳೂ ಕೂಡಿಬಂದವು. ಒಂದೇ ತೊಡಕೆಂದರೆ ಅಲ್ಲಿ ಗಾಡಿಗಳು ರಸ್ತೆಯ ಬಲಗಡೆ ಹೋಗುತ್ತವೆ. ಡ್ರೈವರ್ ಎಡಗಡೆ ಕೂರುತ್ತಾನೆ, ಗೇರು ಬಲಗೈಗೆ ಬರುತ್ತದೆ. ಅಲ್ಲಿಗೆ ಹೋಗಿ ಅವರ ಪರೀಕ್ಷೆ ಪಾಸಾಗಬೇಕು. ಕಂಪನಿಯವರು ಕೊಡುವುದು ಮೂರೇ ಅವಕಾಶ. ಮೂರರಲ್ಲೂ ತಪ್ಪಿದರೆ ವಾಪಸು ಕಳಿಸುತ್ತಾರೆ.

ಒಂದು ಬೆಳಗ್ಗೆ ತಿಪ್ಪೇಸ್ವಾಮಿ ತನ್ನ ಮಾವ ಪಾಲಯ್ಯನನ್ನು ಕರೆದುಕೊಂಡು ಮನೆಗೆ ಬಂದ. ಪಾಲಯ್ಯ ಹಿರೇಗುಂಟನೂರಿನವನು, ಕುರಿ ಸಾಕಿದವನು. ಅವನ ಅಜ್ಜನ ಕಾಲದಿಂದ ತಳಿ ಬಿಡದೆ ಬೆಳೆದುಬಂದ ಹಿಂಡು ಅವನದು. ಅಳಿಯನನ್ನು ಕಳಿಸಲು ಆ ಹಿಂಡನ್ನು ಮಾರಬೇಕಿತ್ತು. ಅವನು ಕೂರಲೂ ಇಲ್ಲ.

"ಮೇಷ್ಟ್ರೇ, ಇವ್ನು ಅಲ್ಲಿ ಗಾಡಿ ಓಡಿಸ್ತಾನಾ ಇಲ್ವಾ, ಅಷ್ಟು ಹೇಳ್ರಿ. ಹೂಂ ಅಂದ್ರೆ ಕುರಿ ಹೊಡ್ಕಂಡು ಸಂತಿಗೆ ಹೋಗ್ತೀನಿ. ಇಲ್ಲ ಅಂದ್ರೆ ಊರಿಗೆ ಹೋಗ್ತೀನಿ. ಟೀ ಬ್ಯಾಡ."

"ಎರಡು ತಿಂಗಳು ಇವನನ್ನು ನನ್ನ ಕೈಗೆ ಕೊಡು ಪಾಲಯ್ಯ. ಓಡಿಸ್ತಾನೆ, ನಾನು ಜವಾಬ್ದಾರಿ," ಎಂದೆ.

ಅವನು ಮತ್ತೇನೂ ಕೇಳಲಿಲ್ಲ. ಮುಂದಿನ ಸಂತೆಗೆ ಹಿಂಡು ಪೂರ್ತಿ ಹೋಯಿತು.

ಕಲಿಸುವ ಮೊದಲು ನಾನು ಕಲಿಯಬೇಕಿತ್ತು. ಗುಜರಿಯಿಂದ ಹಳೆಯ ಬಸ್ಸಿನ ಸ್ಟೇರಿಂಗ್ ತಂದು ಹಿತ್ತಿಲಿನಲ್ಲಿ ಒಂದು ಬೆಂಚಿನ ಮುಂದೆ ಕೂರಿಸಿದೆ. ಗುದ್ದಲಿ ಕಾವೊಂದನ್ನು ಸಿಮೆಂಟು ತುಂಬಿದ ಡಬ್ಬದಲ್ಲಿ ನೆಟ್ಟು ಬೆಂಚಿನ ಬಲಗಡೆ ಇಟ್ಟೆ. ಅದೇ ಗೇರು. ದಿನಕ್ಕೆ ಎರಡು ಗಂಟೆಯಂತೆ ಒಂದು ತಿಂಗಳು ಒಬ್ಬನೇ ಕೂತು ಬಲಗೈಯಲ್ಲಿ ಗೇರು ಹಾಕಿದೆ. ಪಕ್ಕದ ಮನೆ ರುದ್ರಣ್ಣ ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಏನ್ರಿ ಸಾರ್, ಹೊಸದುರ್ಗಕ್ಕೆ ಸೀಟ್ ಐತಾ? ಮಾಡದಕೆರೆ ಗೇಟಲ್ಲಿ ಇಳಿಸಿಬಿಡ್ರಿ," ಎಂದು ದಿನಾ ಕೇಳುತ್ತಿದ್ದ. ನಾನು ನಗಲಿಲ್ಲ. ನನ್ನ ಹೆಂಡತಿ ನಕ್ಕಳು.

ಆಮೇಲೆ ತಿಪ್ಪೇಸ್ವಾಮಿಯ ಸರದಿ. ಬೆಳಗ್ಗೆ ಐದೂವರೆಗೆ ಹಿತ್ತಿಲಿನಲ್ಲಿರಬೇಕು. ಐದು ನಿಮಿಷ ತಡವಾದರೆ ವಾಪಸು ಕಳಿಸುತ್ತಿದ್ದೆ. ಅವನ ಎಡಗೈ ಗೇರು ಹುಡುಕಿ ಅಲ್ಲಾಡಿದಾಗೆಲ್ಲ ಮರದ ಸ್ಕೇಲಿನಿಂದ ಮಣಿಕಟ್ಟಿಗೆ ಒಂದು ಪೆಟ್ಟು. ಬತ್ತಿದ ಕೆರೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ರಸ್ತೆ, ಅಡ್ಡರಸ್ತೆ, ವೃತ್ತ ಎಲ್ಲ ಬರೆದು, ಒಂದು ಟೆಂಪೋ ಕೇಳಿ ತಂದು, ಬಲಗಡೆಯಲ್ಲೇ ಓಡಿಸಿದೆವು. ಅಲ್ಲಿನ ಊಟಕ್ಕೆ ಒಗ್ಗಲಿ ಎಂದು ಒಂದು ವಾರ ರಾತ್ರಿಗೆ ಬ್ರೆಡ್ಡೇ ತಿನ್ನಬೇಕೆಂದು ಆಜ್ಞೆ ಮಾಡಿದೆ. ಅವನ ಹೆಂಡತಿ ನಾಗವೇಣಿ ನನ್ನ ಹೆಂಡತಿಯ ಹತ್ತಿರ, "ಬ್ರೆಡ್ ತಿಂದಂಗ್ ಮಾಡಿ, ಅಡುಗೆಮನೇಲಿ ಕದ್ದು ಮುದ್ದೆ ಉಣ್ತಾರಮ್ಮ, ಸಾರ್‌ಗೆ ಹೇಳ್ಬ್ಯಾಡ್ರಿ," ಎಂದಳಂತೆ. ಹೊರಡುವ ವಾರದ ಹೊತ್ತಿಗೆ ಹತ್ತು ಸಲದಲ್ಲಿ ಹತ್ತೂ ಸಲ ಅವನ ಕೈ ಸರಿಯಾದ ಕಡೆಗೇ ಹೋಗುತ್ತಿತ್ತು. ನನ್ನ ಮಾತು ಉಳಿಯಿತು ಅಂದುಕೊಂಡೆ.

ಮೊದಲ ಪರೀಕ್ಷೆಯಲ್ಲಿ ಅವನು ತಪ್ಪಿದ. ಅಡ್ಡರಸ್ತೆಗೆ ತಿರುಗಿದವನು ಎಡಗಡೆಗೆ ಸೇರಿಬಿಟ್ಟ. ಎರಡನೆಯದರಲ್ಲಿ ಅವನ ಎಡಗೈ ಇಲ್ಲದ ಗೇರನ್ನು ಹುಡುಕಿ ಬಾಗಿಲಿಗೆ ಹೊಡೆಯಿತು. ಗಾಬರಿಯಲ್ಲಿ ಗಾಡಿ ನಡುರಸ್ತೆಯಲ್ಲಿ ನಿಂತಿತು. ಪಕ್ಕದಲ್ಲಿ ಕೂತಿದ್ದ ಪರೀಕ್ಷಕ ಇಳಿದು ಬೇರೊಬ್ಬರಿಗೆ ಕೀಲಿ ಕೊಟ್ಟನಂತೆ. ಪಾಸಾಗುವವರೆಗೆ ಅವನನ್ನು ಕಂಪನಿಯ ಗೋದಾಮಿನಲ್ಲಿ ಪೆಟ್ಟಿಗೆ ಹೊರಲು ಹಾಕಿದ್ದರು. ಒಂದು ಕೋಣೆಯಲ್ಲಿ ನಾಲ್ವರು, ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಮಧ್ಯಾಹ್ನ ಮೂರೂವರೆಗೇ ಕತ್ತಲು. ರಜೆ ದಿನ ಎಲ್ಲಿಗೂ ಹೋಗದೆ ನಿಂತ ಲಾರಿಗಳ ಮಧ್ಯೆ ಓಡಾಡುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದ. ಗಾಡಿ ಕಂಡರೆ ಮಾತ್ರ ಯಾರೋ ನಮ್ಮವರು ಸಿಕ್ಕಂತೆ ಆಗುತ್ತದಂತೆ.

"ಸಾರ್, ಕೈ ನನ್ ಮಾತು ಕೇಳ್ತಿಲ್ಲ. ಹಿತ್ತಿಲಲ್ಲಿ ಕೇಳ್ತಿತ್ತು. ಇಲ್ಲಿ ಪಕ್ದಲ್ಲಿ ಅವ್ನು ಕುಂತ್ನೋ ಇಲ್ವೋ, ಅದು ಹೊಳಲ್ಕೆರೆಗೆ ಹೋಗಿಬಿಡ್ತೈತೆ," ಎನ್ನುತ್ತಿದ್ದ.

ನಾನು ಬೈಯುತ್ತಿದ್ದೆ. ನನಗೆ ಗೊತ್ತಿದ್ದ ಮದ್ದು ಅದೊಂದೇ. ಕಣ್ಣು ಮುಚ್ಚಿಕೊಂಡು ಇನ್ನೂರು ಸಲ ಬಲಗೈಯಿಂದ ಗೇರು ಹಾಕಿ ಮಲಗು ಎನ್ನುತ್ತಿದ್ದೆ. ಅವನು ಮುನ್ನೂರು ಸಲ ಹಾಕುತ್ತಿದ್ದ. ಆದರೂ ವಾರದಿಂದ ವಾರಕ್ಕೆ ಧ್ವನಿ ಕುಗ್ಗುತ್ತ ಹೋಯಿತು. ನಾಗವೇಣಿಗೆ ದಿನಾ ಮಾಡುತ್ತಿದ್ದ ಫೋನು ಮೂರು ದಿನಕ್ಕೊಮ್ಮೆ ಆಯಿತು. ಅವಳು ಬಂದು ನಮ್ಮ ಜಗಲಿಯ ಮೇಲೆ ಸುಮ್ಮನೆ ಕೂರುತ್ತಿದ್ದಳು. "ಏನಂದ್ರು ಸಾರ್?" ಎಂದು ಕೇಳುವ ಧೈರ್ಯವೂ ಅವಳಿಗೆ ಉಳಿದಿರಲಿಲ್ಲ. ಅತ್ತ ಪಾಲಯ್ಯ ಕುರಿಯಿಲ್ಲದಿದ್ದರೂ ಬೆಳಗ್ಗೆ ಕೋಲು ಹಿಡಿದು ಗುಡ್ಡದ ಕಡೆ ಹೋಗಿ ಸಂಜೆ ಬರುತ್ತಾನೆಂದು ಅವಳೇ ಹೇಳಿದಳು.

ಮೂರನೆಯ ಪರೀಕ್ಷೆಯ ಹಿಂದಿನ ಸಂಜೆ ತಿಪ್ಪೇಸ್ವಾಮಿ ಫೋನು ಮಾಡಿದ. ಅಳು ಇರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

"ಸಾರ್, ಬ್ಯಾಂಕಿಂದು, ಇನ್ಸೂರೆನ್ಸಿಂದು ಎಲ್ಲಾ ನಂಬರು ಬರ್ದು ನಾಗವೇಣಿಗೆ ಕಳ್ಸಿದೀನಿ. ಅವ್ಳಿಗೆ ಅದೆಲ್ಲ ತಿಳಿಯಲ್ಲ. ನೀವೇ ನೋಡ್ಕಳ್ರಿ."

"ಯಾಕಪ್ಪ, ನೀನೇ ಬಂದು ನೋಡ್ಕೊ."

"ನಾಳೆ ಆಗ್ಲಿಲ್ಲ ಅಂದ್ರೆ ನಾನು ಬರಲ್ಲ ಸಾರ್. ಆ ಖಾಲಿ ರೊಪ್ಪ ನೋಡಾಕೆ ನನ್ ಕೈಲಿ ಆಗಲ್ಲ."

ರೊಪ್ಪ ಎಂದರೆ ಕುರಿ ಕೂಡುವ ದೊಡ್ಡಿ. ಊರಿಗೆ ಬರದೆ ಎಲ್ಲಿಗೆ ಹೋಗುತ್ತೀಯ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಬೋಧಕನ ಗತ್ತಿನಲ್ಲಿ, "ಹೊಟ್ಟೆ ತುಂಬ ತಿಂದು ಮಲಗು, ಬೆಳಗ್ಗೆ ಕೈ ಸರಿ ಹೋಗುತ್ತೆ," ಎಂದೆ. ಅವನು "ಆಗ್ಲಿ ಸಾರ್" ಎಂದು ಇಟ್ಟುಬಿಟ್ಟ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಗೋದಾಮಿನ ನಂಬರು ನನ್ನ ಹತ್ತಿರ ಇರಲಿಲ್ಲ. ಇದ್ದರೂ ಯಾವ ಭಾಷೆಯಲ್ಲಿ ಏನು ಹೇಳುವುದು? ಆ ರಾತ್ರಿಯೂ ನಾನು ಒಂಬತ್ತೂವರೆಗೆ ಮಲಗಿ ನಾಲ್ಕೂವರೆಗೆ ಎದ್ದೆ. ಹೇಳಲು ನಾಚಿಕೆಯಾಗುತ್ತದೆ. ಆದರೆ ನಿದ್ದೆ ಸಾಲಲಿಲ್ಲ ಎಂದು ನೀವು ಹೇಳಬಾರದೆಂದು ಹೇಳುತ್ತಿದ್ದೇನೆ.

ಪರೀಕ್ಷೆ ಅಲ್ಲಿ ಬೆಳಗ್ಗೆ ಎಂಟಕ್ಕೆ. ನಮಗೆ ಮಧ್ಯಾಹ್ನ ಹನ್ನೆರಡೂವರೆ. ನಾಗವೇಣಿ ಹಿಂದಿನ ದಿನವೇ ತವರಿಗೆ ಹೋಗಿದ್ದಳು. ಸುದ್ದಿ ಎಂಥದ್ದೇ ಬರಲಿ, ಜವಾಬ್ದಾರಿ ಎಂದವನು ಅದು ಬರುವಾಗ ಅವರ ಎದುರಿಗಿರಬೇಕು ಎನ್ನಿಸಿತು. ಸ್ಕೂಟರಿನ ಟೈರು, ಬ್ರೇಕು ನೋಡಿ ಹಿರೇಗುಂಟನೂರಿಗೆ ಹೊರಟೆ. ಒಳ್ಳೆಯ ಬಿಸಿಲು, ಒಣ ಗಾಳಿ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಭೀಮಸಮುದ್ರ ದಾಟಿದಾಗ ಗಡಿಯಾರ ನೋಡಿದೆ. ಹನ್ನೆರಡು ಮೂವತ್ತೆರಡು. ಈಗ ಅವನು ಗಾಡಿ ಹತ್ತಿರಬೇಕು ಅಂದುಕೊಂಡೆ.

ಮುಂದಿನದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ರಸ್ತೆ ಒದ್ದೆಯಾಗಿತ್ತು. ಕಪ್ಪಗೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಎರಡೂ ಕಡೆ ಒಂದೆಲೆಯೂ ಇಲ್ಲದ ತೆಳ್ಳನೆಯ ಮರಗಳು. ಕಣ್ಣ ಮುಂದೆ ವೈಪರು ಎಡಕ್ಕೆ ಬಲಕ್ಕೆ ಆಡುತ್ತಿತ್ತು. ಬಲಪಕ್ಕದಲ್ಲಿ ಯಾರೋ ಕೂತಿದ್ದರು. ನಾನು ತಿರುಗಿ ನೋಡಲಿಲ್ಲ, ಹಳದಿ ಪಟ್ಟಿಯ ಕೋಟಿನ ತೋಳು ಮಾತ್ರ ಕಣ್ಣಂಚಿಗೆ ಕಂಡಿತು. ನನಗೆ ಆಶ್ಚರ್ಯವೇ ಆಗಲಿಲ್ಲ. ಭಯವೂ ಇರಲಿಲ್ಲ. ಎಷ್ಟೋ ಸಾವಿರ ಸಲ ಓಡಿಸಿದ ರೂಟಿನಲ್ಲಿ ಹೋಗುವಾಗ ಮನಸ್ಸು ಹೇಗೆ ತಣ್ಣಗಿರುತ್ತದೋ ಹಾಗಿತ್ತು. ಒಂದು ತಿರುವು ಬಂತು. ನನ್ನ ಬಲಗೈ ಗೇರಿಗೆ ಹೋಯಿತು. ಹಾಕುವ ಮೊದಲು ಉಂಗುರದ ಬೆರಳು ಗೇರಿನ ಗುಂಡಿನ ಮೇಲೆ ಎರಡು ಸಲ ತಟ್ಟಿತು.

ಹಾರ್ನ್ ಕೇಳಿಸಿತು. ಕಣ್ಣು ತೆರೆದ ಹಾಗಾಯಿತು, ಆದರೆ ಕಣ್ಣು ಮುಚ್ಚಿರಲೇ ಇಲ್ಲ. ಬಿಸಿಲು, ಕೆಂಪು ಧೂಳು. ಎದುರಿಗೆ ಮೂರು ಮಾರು ದೂರದಲ್ಲಿ ಅದಿರಿನ ಲಾರಿಯೊಂದು ನಿಂತಿತ್ತು. ನನ್ನ ಸ್ಕೂಟರು ರಸ್ತೆಯ ಬಲ ಅಂಚಿನಲ್ಲಿತ್ತು. ನನ್ನ ಬಲಗೈ ಹ್ಯಾಂಡಲ್ ಬಿಟ್ಟು, ಪಕ್ಕದ ಖಾಲಿ ಗಾಳಿಯಲ್ಲಿ ಏನನ್ನೋ ಹಿಡಿದ ಹಾಗೆ ನಿಂತಿತ್ತು. ಆ ಕೈ ಆಕ್ಸಿಲರೇಟರ್ ಬಿಟ್ಟಿದ್ದರಿಂದಲೇ ಸ್ಕೂಟರು ನಿಧಾನವಾಗಿ, ಲಾರಿಯವನಿಗೆ ಬ್ರೇಕು ಹಾಕಲು ಹೊತ್ತು ಸಿಕ್ಕಿದ್ದು.

ಲಾರಿಯವನು ಕಿಟಕಿಯಿಂದ ಬಗ್ಗಿದ. "ಏನಜ್ಜಾ, ಮನೇಲಿ ಹೇಳಿ ಬಂದಿದೀಯಾ, ಇಲ್ಲ ನಾನೇ ಹೋಗಿ ಹೇಳ್ಬೇಕಾ?"

ಅವನು ಇಳಿದು ಬಂದು ನನ್ನ ಬಾಯಿ ಮೂಸಿ ನೋಡಿದ. "ಕುಡ್ದಿಲ್ಲ. ಆ ಏರಿ ಮೇಲಿಂದ ನೋಡ್ತಿದೀನಿ, ನೀನು ಬಲಗಡೀಗೇ ಬರ್ತಿದೀಯ. ಗೆರೆ ಹೊಡ್ದಂಗೆ ಬರ್ತಿದೀಯ. ಕುಡ್ದೋನು ಹಂಗೆ ಬರಲ್ಲ. ಲೈಟ್ ಹಾಕ್ದೆ, ಹಾರ್ನ್ ಹಾಕ್ದೆ, ನೀನು ನನ್ ಗಾಡೀನೇ ನೋಡ್ಲಿಲ್ಲ. ಬಾ, ನೆಳ್ಳಾಗೆ ಕುಂತ್ಕ." ನೀರು ಕೊಟ್ಟ. ಗಡಿಯಾರದಲ್ಲಿ ಹನ್ನೆರಡು ನಲವತ್ತೆರಡು. ಮೀಟರಿನಲ್ಲಿ ನಾಲ್ಕು ಕಿಲೋಮೀಟರು ಓಡಿತ್ತು. ಆ ನಾಲ್ಕು ಕಿಲೋಮೀಟರಿನ ಒಂದು ಮರವೂ ನನಗೆ ನೆನಪಿಲ್ಲ.

ಉಳಿದ ದಾರಿ ಸ್ಕೂಟರನ್ನು ತಳ್ಳಿಕೊಂಡೇ ನಡೆದೆ. ಹಿರೇಗುಂಟನೂರು ಮುಟ್ಟಿದಾಗ ಎರಡು ಗಂಟೆ. ಪಾಲಯ್ಯ ಖಾಲಿ ರೊಪ್ಪದ ಬಾಗಿಲಲ್ಲಿ ಕೂತಿದ್ದ. ನಾಗವೇಣಿಯ ಮಡಿಲಿನಲ್ಲಿ ಫೋನಿತ್ತು. ಇಂಥ ಹೊತ್ತಿನಲ್ಲಿ ಎಲ್ಲರಿಗೂ ಬೈಯುತ್ತ ಧೈರ್ಯ ಹೇಳುತ್ತಿದ್ದ ನಾನು ಗೋಡೆಗೆ ಒರಗಿ ಕೂತೆ. ಅವನು ಇನ್ನು ಇಲ್ಲ ಎಂದು ನನ್ನ ಮನಸ್ಸು ಆಗಲೇ ತೀರ್ಮಾನಿಸಿತ್ತು. ಹತ್ತು ನಿಮಿಷದ ಮೇಲೆ ಫೋನು ಬಡಿಯಿತು. ಪಾಲಯ್ಯನೇ ಬಂದು ನಾಗವೇಣಿಯ ಬೆರಳು ಹಿಡಿದು ಒತ್ತಿಸಿದ.

"ಆತು," ಎಂದ ತಿಪ್ಪೇಸ್ವಾಮಿ. ಮತ್ತೆ, "ಪಾಸ್ ಆತು," ಎಂದ. ಅವನ ಧ್ವನಿಯಲ್ಲಿ ಸಂತೋಷಕ್ಕಿಂತ ದಿಗಿಲೇ ಹೆಚ್ಚಿತ್ತು. ನಾಗವೇಣಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಪಾಲಯ್ಯ ಕೋಲು ತೆಗೆದುಕೊಂಡು ಹೊರಗೆ ಹೋಗಿ, ರೊಪ್ಪದ ಬಾಗಿಲು ತೆಗೆದು ಸ್ವಲ್ಪ ಹೊತ್ತು ನಿಂತಿದ್ದು, ಮತ್ತೆ ಹಾಕಿಕೊಂಡು ಬಂದ.

ಆ ಸಂಜೆ ತಿಪ್ಪೇಸ್ವಾಮಿ ನನಗೊಬ್ಬನಿಗೇ ಫೋನು ಮಾಡಿದ.

"ಸಾರ್, ಗಾಡಿ ಹತ್ತಿದ್ದು ನೆನಪೈತೆ. ಆಮೇಲೆ ಹತ್ತು ನಿಮಿಷ ಏನು ಮಾಡ್ದೆ ಅಂತ ಗೊತ್ತಿಲ್ಲ. ಮೈಯೆಲ್ಲ ಬೆವ್ತು ಹೋಗಿತ್ತು, ಇಲ್ಲಿ ನೋಡಿದ್ರೆ ಮಂಜು ಬೀಳೋ ಚಳಿ. ಇಳಿದ್ ಮೇಲೆ ಆ ಪರೀಕ್ಷಕ ಭುಜ ತಟ್ಟಿ, ನೀನು ನಲವತ್ತು ವರ್ಷ ಓಡಿಸಿದೋನ ಥರ ಓಡಿಸ್ದೆ ಅಂದ. ಒಂದು ತಪ್ಪು ಮಾತ್ರ ಬರ್ದಿದಾನೆ. ತಿರುವಲ್ಲಿ ಗೇರ್ ಹಾಕಾಕೆ ಮುಂಚೆ ಅದರ ತಲೆ ಮೇಲೆ ಎರಡು ಸಲ ಬೆರಳಲ್ಲಿ ತಟ್ತೀಯಲ್ಲ, ಅದು ಯಾತಕ್ಕೆ ಅಂತ ಕೇಳ್ದ. ನಾನ್ ಯಾವಾಗ ಸಾರ್ ತಟ್ಟಿದೀನಿ?"

ನನ್ನ ಮೊದಲ ಬಸ್ಸಿನ ಗೇರಿನ ಗುಂಡು ಸಡಿಲವಿತ್ತು. ಉದುರಿಹೋಗದಿರಲೆಂದು ತಿರುವಿನ ಮೊದಲು ಉಂಗುರದ ಬೆರಳಿನಿಂದ ಎರಡು ಸಲ ತಟ್ಟಿ ನೋಡುತ್ತಿದ್ದೆ. ಆ ಬಸ್ಸು ಹೋಯಿತು, ಚಾಳಿ ಉಳಿಯಿತು. ಬೋಧಕನಾದ ಮೇಲೆ ಅದನ್ನು ಯಾರಿಗೂ ತೋರಿಸಲಿಲ್ಲ. ಸುಮ್ಮನೆ ಗೇರಿನ ಮೇಲೆ ಕೈ ಇಡುವುದು ತಪ್ಪೆಂದು ಬೇರೆಯವರಿಗೆ ನಾನೇ ಕಲಿಸುತ್ತಿದ್ದೆ. ಹಿತ್ತಿಲಿನಲ್ಲಿ ಗುದ್ದಲಿ ಕಾವಿನ ಮುಂದೆ ಒಬ್ಬನೇ ಕೂತಾಗ ತಟ್ಟಿದ್ದೆನೇನೋ. ಅವನ ಎದುರಿಗೆ ಖಂಡಿತ ಇಲ್ಲ.

"ನಿನ್ನ ಪಕ್ಕದಲ್ಲಿ ಕೂತಿದ್ದವನು ಎಂಥ ಕೋಟು ಹಾಕಿದ್ದ?" ಎಂದು ಕೇಳಿದೆ.

"ನೋಡ್ಲಿಲ್ಲ ಸಾರ್. ಯಾಕೆ?"

"ಏನಿಲ್ಲ. ಮಲಗು."

ಚಿತ್ರದುರ್ಗದಲ್ಲಿ ಡಾಕ್ಟರು ನನ್ನ ತಲೆಯ ಸ್ಕ್ಯಾನ್ ಮಾಡಿಸಿದರು. ರಕ್ತದೊತ್ತಡ, ಸಕ್ಕರೆ ಎಲ್ಲ ಸರಿಯಿತ್ತು. ಬಲಗಡೆ ಓಡಿಸುವುದನ್ನು ಮೂರು ತಿಂಗಳು ಅಭ್ಯಾಸ ಮಾಡಿದ್ದೀರಿ, ಮನಸ್ಸಿಗೆ ದಣಿವಾಗಿದೆ, ಹೀಗಾಗುತ್ತದೆ ಎಂದರು. ನಾನೂ ಒಪ್ಪಿಕೊಳ್ಳಲು ನೋಡಿದೆ. ಬಲಗಡೆ ಹೋದದ್ದಕ್ಕೆ ಆ ಮಾತು ಸಾಲುತ್ತದೆ. ಬೆರಳಿಗೆ ಸಾಲುವುದಿಲ್ಲ.

ಅಂದಿನಿಂದ ನಾನು ಗಾಡಿ ಮುಟ್ಟಿಲ್ಲ. ಮುಟ್ಟಲು ಬರುವುದೇ ಇಲ್ಲ ಎಂದರೆ ಸರಿ. ಮೂವತ್ತಾರು ವರ್ಷದ ಕಸಬು ಕೈಯಲ್ಲಿ ಎಲ್ಲೂ ಸಿಗುತ್ತಿಲ್ಲ. ಸ್ಕೂಟರಿನ ಮೇಲೆ ಕೂತರೆ ಯಾವ ಕೈ ಯಾವುದಕ್ಕೆ ಎಂದು ಯೋಚಿಸಬೇಕು. ರಸ್ತೆ ದಾಟುವಾಗ ಎಡಕ್ಕೆ ನೋಡಲೋ ಬಲಕ್ಕೆ ನೋಡಲೋ ತಿಳಿಯದೆ, ಬೇರೆ ಯಾರಾದರೂ ದಾಟುವವರೆಗೆ ಕಾಯುತ್ತೇನೆ. ಸ್ಕೂಟರು ರುದ್ರಣ್ಣನಿಗೆ ಹೋಯಿತು. ಹಿತ್ತಿಲಿನ ಗೇರಿನ ಮುಂದೆ ಕೂತು ಎಷ್ಟು ಪ್ರಯತ್ನಪಟ್ಟರೂ ಆ ಎರಡು ತಟ್ಟು ನನ್ನ ಬೆರಳಿಗೆ ಬರುತ್ತಿಲ್ಲ. ತಟ್ಟಬಲ್ಲೆ, ಆದರೆ ಬೇರೆಯವರನ್ನು ನೋಡಿ ಮಾಡಿದ ಹಾಗಿರುತ್ತದೆ.

ತಿಪ್ಪೇಸ್ವಾಮಿ ಈಗ ಅಲ್ಲಿ ದೊಡ್ಡ ಲಾರಿ ಓಡಿಸುತ್ತಾನೆ. ಕಳೆದ ವರ್ಷ ಓಡಿಸುತ್ತಿರುವ ಒಂದು ವಿಡಿಯೋ ಕಳಿಸಿದ. ಒಂದು ತಿರುವು, ಗೇರಿನ ಮೇಲೆ ಅವನ ಕೈ, ಎರಡು ತಟ್ಟು. ನನ್ನ ಹೆಂಡತಿ ಅದನ್ನು ನೋಡಿ, "ಅಯ್ಯೋ, ನಿಮ್ ಕೈಯಿ ಇದ್ದಂಗೇ ಐತಲ್ರೀ," ಎಂದಳು. ಆ ಚಾಳಿ ಬಿಡು ಎಂದು ಅವನಿಗೆ ಹೇಳಿ ನೋಡಿದ್ದೇನೆ. "ಬಿಡಾಕೆ ಆಗ್ತಿಲ್ಲ ಸಾರ್. ಬಿಟ್ರೆ ಕೈ ಮತ್ತೆ ಎಡಕ್ಕೆ ಹೋಗ್ತೈತೆ," ಎನ್ನುತ್ತಾನೆ.

ನನಗೆ ಈಗ ಎಪ್ಪತ್ತೊಂದು. ನನಗೇನಾದರೂ ಆದ ದಿನ, ಆ ಒದ್ದೆ ರಸ್ತೆಯಲ್ಲಿ ಅಷ್ಟು ಭಾರದ ಗಾಡಿಯೊಳಗೆ ಅವನ ಕೈ ಏನು ಮಾಡುತ್ತದೆ? ಇದನ್ನು ಅವನಿಗೆ ಕೇಳಲಾರೆ. ನಾಗವೇಣಿಯ ಮುಂದೆಯಂತೂ ಬಾಯಿ ಬಿಡಲಾರೆ, ಅವಳು ಈಗ ಅಲ್ಲಿಗೆ ಹೋಗಲು ಕಾಗದಪತ್ರ ಮಾಡಿಸುತ್ತಿದ್ದಾಳೆ.

ಆ ದಿನದ ನೋಟ್‌ಬುಕ್ಕಿನ ಹಾಳೆಯಲ್ಲಿ ಹೊರಟ ಹೊತ್ತು, ತಲುಪಿದ ಹೊತ್ತು ಬರೆದಿದೆ. ಷರಾ ಕಾಲಮು ಖಾಲಿ ಇದೆ. ಮಧ್ಯಾಹ್ನ ಮಲಗುವುದನ್ನು ನಾನು ಬಿಟ್ಟಿದ್ದೇನೆ. ದಿನವೂ ಹನ್ನೆರಡೂವರೆಗೆ, ಅಲ್ಲಿ ಅವನು ಗಾಡಿ ಹತ್ತುವ ಹೊತ್ತಿಗೆ, ಹಿತ್ತಿಲಿನ ಬೆಂಚಿನ ಮೇಲೆ ಕೂತು ಗುದ್ದಲಿ ಕಾವಿನ ಮೇಲೆ ಬಲಗೈ ಇಟ್ಟುಕೊಂಡಿರುತ್ತೇನೆ. ಸಂಜೆ ಅವನಿಂದ "ಇಳಿದೆ ಸಾರ್" ಎಂಬ ಸಂದೇಶ ಬಂದ ಮೇಲೆ ಎದ್ದು ಕೈ ತೊಳೆಯುತ್ತೇನೆ. ಇದರಿಂದ ಏನಾದರೂ ಪ್ರಯೋಜನವಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ದಿನ ಕೂರದೆ ಇದ್ದು ನೋಡುವ ಧೈರ್ಯ ನನಗಿಲ್ಲ.